ಸಂಸೆಯ ಏರಿನಲ್ಲಿ ಹಿಂದಿನ ಚಕ್ರ

ಕಳಸದಿಂದ ಕುದುರೆಮುಖಕ್ಕೆ ಹೋಗುವ ಡಾಂಬರು ರಸ್ತೆ ಸಂಸೆಯವರೆಗೆ ಯಾವ ಗಾಡಿಯನ್ನೂ ಹೆಚ್ಚು ಸತಾಯಿಸುವುದಿಲ್ಲ. ಸತಾಯಿಸುವುದು ಆ ರಸ್ತೆ ಬಿಟ್ಟು ಪಕ್ಕಕ್ಕೆ ತಿರುಗಿದ ಮೇಲೆ. ಕಾಫಿ ತೋಟಗಳ ಒಳರಸ್ತೆಗಳು, ಬಾಳೆಗಲ್ಲಿನಿಂದ ಮುಳ್ಳೋಡಿಗೆ ಏರುವ ದಾರಿ, ಬೆಳ್ತಂಗಡಿ ತಾಲೂಕಿಗೆ ಸೇರಿಯೂ ಸಂಸೆಯ ಕಡೆಗೇ ಮುಖ ಮಾಡಿರುವ ಎಳನೀರಿನ ದಾರಿ, ಗುಡ್ಡದ ಬದಿಗೆ ಅಂಟಿಕೊಂಡ ಒಂಟಿಮನೆಗಳ ಸ್ವಂತ ರಸ್ತೆಗಳು. ಈ ಭಾಗದಲ್ಲಿ ಮನೆಯೊಂದರ ವಿಳಾಸ ಹೇಳುವಾಗ ಊರಿನ ಹೆಸರಿನ ಜೊತೆಗೇ ಇನ್ನೊಂದು ಮಾತು ಸೇರುತ್ತದೆ: ಮಳೆಗಾಲದಲ್ಲಿ ಅಲ್ಲಿಯವರೆಗೆ ಗಾಡಿ ಹತ್ತುತ್ತದೋ ಇಲ್ಲವೋ.

ಹತ್ತದಿದ್ದರೆ ಏನಾಗುತ್ತದೆ ಎಂಬುದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೊಬ್ಬರದ ಮೂಟೆ ಕೆಳಗಿನ ತಿರುವಿನಲ್ಲೇ ಇಳಿಯುತ್ತದೆ, ಅಲ್ಲಿಂದ ಮೇಲೆ ತಲೆಹೊರೆ. ಮದುವೆಗೆ ಬಂದ ನೆಂಟರು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಾರೆ. ರಾತ್ರಿ ಹೊತ್ತು ಎದೆನೋವು ಬಂದ ಹಿರಿಯರನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಜೀಪಿನವರೆಗೆ ತರಬೇಕಾಗುತ್ತದೆ. ಹಿಂದಿನ ಚಕ್ರ ನಿಂತಲ್ಲೇ ಗಿರಕಿ ಹೊಡೆಯುವುದು ಬಯಲುಸೀಮೆಯಲ್ಲಿ ಒಂದು ಕಿರಿಕಿರಿ. ಇಲ್ಲಿ ಅದು ಆಸ್ಪತ್ರೆಗೂ ಮನೆಗೂ ನಡುವಿನ ದೂರವನ್ನೇ ಬದಲಿಸಿಬಿಡುತ್ತದೆ. ಅದಕ್ಕೇ ಈ ವಿಷಯವನ್ನು ಡ್ರೈವರುಗಳ ಹರಟೆಯೆಂದು ಬದಿಗಿಡಲು ನನಗೆ ಮನಸ್ಸಾಗುವುದಿಲ್ಲ.

ಈ ರಸ್ತೆಗಳಲ್ಲಿ ಗಾಡಿ ಓಡಿಸಲು ಕಲಿಯುವ ಹುಡುಗರೆಲ್ಲ ಮೊದಲು ನಂಬುವುದು ಎಂಜಿನ್ನನ್ನು. ಗಾಡಿ ಹತ್ತಲಿಲ್ಲ ಎಂದರೆ ಶಕ್ತಿ ಸಾಲಲಿಲ್ಲ ಎಂದು ಅವರ ಲೆಕ್ಕ, ಹಾಗಾಗಿ ಕಾಲು ಎಕ್ಸಲೇಟರಿನ ಮೇಲೆ ಇನ್ನಷ್ಟು ಊರುತ್ತದೆ. ಪಕ್ಕದಲ್ಲಿ ಕೂತ ಹಳೆಯ ಜೀಪಿನವರು ಆಗ ಹೇಳುವ ಮಾತು ಹೆಚ್ಚುಕಮ್ಮಿ ಒಂದೇ: "ಬಿಡು ಮಾರಾಯಾ ಎಕ್ಸಲೇಟ್ರು, ಅದು ಹತ್ತೂದಿಲ್ಲ, ಗುಂಡಿ ತೋಡ್ತದೆ ಅಷ್ಟೆ." ನನಗೆ ಜೀಪು ಕಲಿಸಿದವರ ಬಾಯಲ್ಲೂ ಇದೇ ಮಾತಿತ್ತು. ಅದರಲ್ಲಿ ಪೂರ್ತಿ ಭೌತಶಾಸ್ತ್ರ ಅಡಗಿದೆ. ಚಕ್ರ ಗಿರಗಿರ ತಿರುಗುತ್ತಿದೆ ಎಂದರೆ ಅದನ್ನು ತಿರುಗಿಸುವಷ್ಟು ಶಕ್ತಿ ಎಂಜಿನ್ನಿನಲ್ಲಿ ಇದೆ ಎಂದೇ ಅರ್ಥ. ಕಡಿಮೆಯಾದದ್ದು ಶಕ್ತಿಯಲ್ಲ, ಟಯರಿಗೂ ನೆಲಕ್ಕೂ ನಡುವಿನ ಹಿಡಿತ.

ಆ ಹಿಡಿತವನ್ನು ತೀರ್ಮಾನಿಸುವುದು ಮುಖ್ಯವಾಗಿ ಎರಡು ಸಂಗತಿ. ಎಳೆಯುವ ಚಕ್ರದ ಮೇಲೆ ಎಷ್ಟು ಭಾರ ಕೂತಿದೆ ಎಂಬುದು ಒಂದು. ನೆಲ ಎಷ್ಟು ಒರಟು ಎಂಬುದು ಇನ್ನೊಂದು. ಒಣ ಡಾಂಬರು ಅಥವಾ ಕಾಂಕ್ರೀಟಿನ ಮೇಲೆ ಟಯರು ತನ್ನ ಮೇಲಿರುವ ಭಾರದ ನೂರಕ್ಕೆ ಸುಮಾರು ಎಪ್ಪತ್ತು, ಎಂಬತ್ತು ಪಾಲಿನಷ್ಟು ಬಲದಿಂದ ನೂಕಬಲ್ಲದು. ಅದೇ ಟಯರು ನೆನೆದ ಜೇಡಿಮಣ್ಣಿನ ಮೇಲೆ ಮೂವತ್ತು ಪಾಲು ನೂಕಿದರೆ ಹೆಚ್ಚು.

ಒಂದು ಲೆಕ್ಕ ಹಾಕಿ ನೋಡಬಹುದು. ಖಾಲಿ ಜೀಪಿನ ತೂಕ 1,500 ಕೆ.ಜಿ. ಎಂದಿಟ್ಟುಕೊಳ್ಳೋಣ. ಎಂಜಿನ್ ಮುಂದಿರುವುದರಿಂದ ಸಮತಟ್ಟು ನೆಲದಲ್ಲಿ ಅದರ ಶೇ. 45ರಷ್ಟು ಮಾತ್ರ ಹಿಂದಿನ ಚಕ್ರಗಳ ಮೇಲಿರುತ್ತದೆ. ಐದು ಅಡಿಗೆ ಒಂದು ಅಡಿ ಏರುವ ರಸ್ತೆಯಲ್ಲಿ ಈ ಜೀಪನ್ನು ಕೆಳಗೆ ಜಗ್ಗುವ ಬಲ ಸುಮಾರು 295 ಕೆ.ಜಿ. ಏರಿನಲ್ಲಿ ಭಾರ ಒಂದಿಷ್ಟು ಹಿಂದಕ್ಕೆ ವಾಲುತ್ತದೆ, ಆಗ ಹಿಂದಿನ ಎರಡು ಚಕ್ರಗಳ ಮೇಲೆ 750 ಕೆ.ಜಿ. ಸಿಕ್ಕೀತು. 295ನ್ನು 750ರಿಂದ ಭಾಗಿಸಿದರೆ 0.39. ಅಂದರೆ ಭಾರದ ನೂರಕ್ಕೆ ಮೂವತ್ತೊಂಬತ್ತರಷ್ಟು ಹಿಡಿತ ಕೊಡುವ ನೆಲ ಬೇಕು. ನೆಂದ ಜೇಡಿ ಕೊಡುವುದು ಮೂವತ್ತು. ಎಂಜಿನ್ ಎಷ್ಟೇ ದೊಡ್ಡದಿರಲಿ, ಎರಡೇ ಚಕ್ರ ಎಳೆಯುವ ಈ ಖಾಲಿ ಜೀಪು ಅಲ್ಲಿ ಹತ್ತುವುದಿಲ್ಲ. ಈಗ ಹಿಂದಿನ ಬೆಂಚುಗಳ ಮೇಲೆ ಆರು ಜನರನ್ನು ಕೂರಿಸಿ. ಅವರ 400 ಕೆ.ಜಿ. ಬಹುಪಾಲು ಹಿಂದಿನ ಅಚ್ಚಿನ ಮೇಲೆಯೇ ಬೀಳುತ್ತದೆ. ಒಟ್ಟು ತೂಕ ಹೆಚ್ಚಾದರೂ ಬೇಕಾಗುವ ಹಿಡಿತ 0.32ರ ಹತ್ತಿರಕ್ಕೆ ಇಳಿಯುತ್ತದೆ. ಹತ್ತಿಯೂ ಹತ್ತದ ಹದ. ಆ ಏರಿನಲ್ಲಿ ಜಾಣ ಡ್ರೈವರು ಜನರನ್ನು ಇಳಿಸುವ ಬದಲು ಮುಂದಿನ ಸೀಟಿನವರನ್ನೂ "ಹಿಂದೆ ಹೋಗಿ ಕೂತ್ಕೊಳ್ಳಿ" ಎನ್ನುವುದರ ಗುಟ್ಟು ಇದೇ. ಮುಂದಿನ ಗೇರನ್ನೂ ಹಾಕಿ ನಾಲ್ಕೂ ಚಕ್ರ ಎಳೆಯುವಂತೆ ಮಾಡಿದರೆ ಗಾಡಿಯ ಪೂರಾ ಭಾರ ಹಿಡಿತಕ್ಕೆ ದಕ್ಕುತ್ತದೆ. ಆಗ ಬೇಕಾಗುವುದು 0.20 ಮಾತ್ರ. ಫೋರ್ ವೀಲ್ ಎಂದರೆ ಎಂಜಿನ್ನಿಗೆ ಬಲ ಬರುತ್ತದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಬಲ ಅಷ್ಟೇ ಇರುತ್ತದೆ, ಅದನ್ನು ನೆಲಕ್ಕೆ ಮುಟ್ಟಿಸುವ ಕಾಲುಗಳು ಎರಡರಿಂದ ನಾಲ್ಕಾಗುತ್ತವೆ.

ಐದಕ್ಕೆ ಒಂದು ಎನ್ನುವುದು ಕಟ್ಟುಕಥೆಯ ಏರಲ್ಲ. ಸರ್ಕಾರಿ ಘಟ್ಟ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹಾಕಿಕೊಟ್ಟ ಮಿತಿ ಅನಿವಾರ್ಯ ಜಾಗದಲ್ಲೂ ನೂರಕ್ಕೆ ಏಳೆಂಟು, ಅಂದರೆ ಹನ್ನೆರಡು ಅಡಿಗೆ ಒಂದು ಅಡಿಯ ಆಸುಪಾಸು. ತೋಟದ ರಸ್ತೆಗೆ ಆ ನಿಯಮ ತಿಳಿಯದು. ಎಷ್ಟೋ ಕಡೆ ಅಜ್ಜನ ಕಾಲದ ಕಾಲುದಾರಿಯನ್ನೇ ಜೆಸಿಬಿ ತಂದು ಅಗಲ ಮಾಡಿದ್ದು. ಮನುಷ್ಯ ನಡೆಯಲು ಹತ್ತಿರದ ದಾರಿ ಹುಡುಕುತ್ತಾನೆ, ಗಾಡಿಗೆ ಸುತ್ತಿನ ದಾರಿ ಬೇಕು.

ಕಾರು ಇಟ್ಟವರ ಪಾಡು ಬೇರೆ. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಸಣ್ಣ ಕಾರುಗಳು ಹೆಚ್ಚುಕಮ್ಮಿ ಎಲ್ಲವೂ ಮುಂದಿನ ಚಕ್ರದಿಂದ ಎಳೆಯುವಂಥವು. ಸಮತಟ್ಟಿನಲ್ಲಿ ಎಂಜಿನ್ ಭಾರವೆಲ್ಲ ಆ ಚಕ್ರಗಳ ಮೇಲಿರುವುದರಿಂದ ಹಿಡಿತ ಚೆನ್ನಾಗಿರುತ್ತದೆ. ಏರು ಬಂದ ಕೂಡಲೇ ಭಾರ ಹಿಂದಕ್ಕೆ ವಾಲುತ್ತದೆ, ಹಿಂದಿನ ಸೀಟಿನಲ್ಲಿ ಮೂವರು ಕೂತು ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇದ್ದರಂತೂ ಎಳೆಯಬೇಕಾದ ಮುಂದಿನ ಚಕ್ರ ಹಗುರಾಗಿ ಗಿರ್ರೆನ್ನುತ್ತದೆ. ಅಂಥ ಕಾರನ್ನು ಕೆಲವರು ತಿರುಗಿಸಿ ರಿವರ್ಸಿನಲ್ಲಿ ಹತ್ತಿಸುವುದನ್ನು ನೋಡಿ ಹೊರಗಿನವರಿಗೆ ಆಶ್ಚರ್ಯವಾಗುತ್ತದೆ. ಅದರಲ್ಲಿ ಸರಿಯಾದ ತರ್ಕವಿದೆ: ರಿವರ್ಸಿನಲ್ಲಿ ಎಳೆಯುವ ಚಕ್ರ ಕೆಳಬದಿಗೆ ಬರುತ್ತದೆ, ವಾಲಿದ ಭಾರ ಅದರ ಮೇಲೆಯೇ ಕೂರುತ್ತದೆ. ಒಂದು ಕಡೆ ಹೊಂಡ, ಇನ್ನೊಂದು ಕಡೆ ಪ್ರಪಾತ ಇರುವ ರಸ್ತೆಯಲ್ಲಿ ಕತ್ತು ತಿರುಗಿಸಿಕೊಂಡು ಹತ್ತಿಸುವುದು ಎಲ್ಲರ ಕೈಲಾಗುವ ಕೆಲಸವಲ್ಲ ಎಂಬುದನ್ನೂ ಹೇಳಲೇಬೇಕು.

ಓಮ್ನಿಯನ್ನು ಮಲೆನಾಡು ಪ್ರೀತಿಸಿದ್ದಕ್ಕೆ ಅದರ ಮೈಕಟ್ಟೇ ಕಾರಣ. 1984ರಲ್ಲಿ ಬಂದು 2019ರಲ್ಲಿ ತಯಾರಿಕೆ ನಿಂತ ಆ ಪುಟ್ಟ ವ್ಯಾನಿನ 796 ಸಿಸಿ ಎಂಜಿನ್ ಇದ್ದದ್ದು ಮುಂದಿನ ಸೀಟಿನ ಅಡಿಯಲ್ಲಿ, ಎಳೆಯುತ್ತಿದ್ದದ್ದು ಹಿಂದಿನ ಚಕ್ರ. ಹಿಂದೆ ಜನವೋ ಸಾಮಾನೋ ತುಂಬಿದರೆ ಅದು ತನ್ನ ಯೋಗ್ಯತೆಗೆ ಮೀರಿದ ಏರನ್ನು ಹತ್ತುತ್ತಿತ್ತು. ಖಾಲಿ ಬಂದರೆ ಹೂಮಳೆಯ ಕೆಸರಿಗೇ ಸೋಲುತ್ತಿತ್ತು. ಇಂದು ಕಾಫಿ ಮೂಟೆ ಸಾಗಿಸುವ ಪಿಕಪ್ಪುಗಳ ಕಥೆಯೂ ಇದೇ. ಟಾಟಾ ಏಸ್, ಬೊಲೆರೊ ಪಿಕಪ್ ಮೊದಲಾದವು ಹೊರೆ ಹೊತ್ತಾಗ ಏರುವ ಜಾಗದಲ್ಲಿ ಖಾಲಿಯಾಗಿ ಏರುವುದಿಲ್ಲ. ಜೊತೆಗೆ ಇನ್ನೊಂದು ತೊಡಕು: ಹೊರೆ ಹೆಚ್ಚು ಹೊರಲೆಂದು ಹಿಂದಿನ ಕಮಾನಿಗೆ ಒಂದೆರಡು ಪಟ್ಟಿ ಹೆಚ್ಚಿಗೆ ಹಾಕಿಸಿರುತ್ತಾರೆ. ಖಾಲಿ ಇದ್ದಾಗ ಆ ಕಮಾನು ಬಗ್ಗುವುದೇ ಇಲ್ಲ. ಕಲ್ಲು ಕಿತ್ತ ರಸ್ತೆಯಲ್ಲಿ ಹಿಂಬದಿ ಕುಪ್ಪಳಿಸುತ್ತದೆ. ಚಕ್ರ ಗಾಳಿಯಲ್ಲಿದ್ದಷ್ಟು ಹೊತ್ತು ಅದರ ಹಿಡಿತ ಸೊನ್ನೆ, ಮತ್ತೆ ನೆಲಕ್ಕೆ ತಾಗುವಾಗ ಅದು ಆಗಲೇ ಜೋರಾಗಿ ತಿರುಗುತ್ತಿರುತ್ತದೆ. ಶಾಕ್ ಅಬ್ಸಾರ್ಬರು ಸತ್ತಿದ್ದರೆ ಇದು ದುಪ್ಪಟ್ಟು. ಟಯರು ಹೊಸದು ಹಾಕಿದರೂ ಗ್ರಿಪ್ಪಿಲ್ಲ ಎಂದು ದೂರುವವರು ಒಮ್ಮೆ ಗಾಡಿಯ ಅಡಿಗೆ ಬಗ್ಗಿ ಇದನ್ನು ನೋಡುವುದು ಒಳ್ಳೆಯದು.

ಎಲ್ಲಕ್ಕಿಂತ ಹೆಚ್ಚು ಜನರನ್ನು ಗೊಂದಲಗೊಳಿಸುವುದು ಒಂದೇ ಚಕ್ರ ತಿರುಗುವ ವಿಚಿತ್ರ. ಎಡಗಡೆಯ ಹಿಂದಿನ ಚಕ್ರ ಚರಂಡಿಯ ಕೆಸರಿಗೆ ಇಳಿದಿದೆ, ಬಲಗಡೆಯದು ಗಟ್ಟಿ ಕಲ್ಲಿನ ಮೇಲಿದೆ. ಗಟ್ಟಿ ನೆಲದ ಚಕ್ರ ನೂಕಬಹುದಲ್ಲ? ಅದು ಅಲ್ಲಾಡದೆ ನಿಂತಿರುತ್ತದೆ, ಕೆಸರಿನದು ಮಾತ್ರ ರಾಡಿ ಎರಚುತ್ತಿರುತ್ತದೆ. ಅಚ್ಚಿನ ನಡುವಿನ ಉಂಡೆಯೊಳಗಿರುವ ಡಿಫ್ರೆನ್ಷಿಯಲ್ ಇದಕ್ಕೆ ಕಾರಣ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕಾದ್ದರಿಂದ ಎರಡೂ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವುದು ಅದರ ಕೆಲಸ. ಆದರೆ ಸಾಮಾನ್ಯ ಡಿಫ್ರೆನ್ಷಿಯಲ್ ಎರಡೂ ಕಡೆಗೆ ಸಮನಾದ ತಿರುಚುಬಲವನ್ನೇ ಕೊಡುತ್ತದೆ. ಕೆಸರಿನಲ್ಲಿರುವ ಚಕ್ರ ಸುತ್ತಲು ಎಷ್ಟು ಕಡಿಮೆ ಬಲ ಸಾಕೋ, ಕಲ್ಲಿನ ಮೇಲಿರುವ ಚಕ್ರಕ್ಕೂ ಅಷ್ಟೇ ಸಿಗುವುದು. ದುರ್ಬಲನಿಗೆ ಎಷ್ಟು ಸಾಧ್ಯವೋ ಅಷ್ಟೇ ಬಲಿಷ್ಠನ ಪಾಲಿಗೂ.

ಈ ತೊಂದರೆ ಓಟದ ಕಾರುಗಳನ್ನೂ ಬಿಡಲಿಲ್ಲ. 1930ರ ದಶಕದಲ್ಲಿ ಫರ್ಡಿನಾಂಡ್ ಪೋರ್ಶೆ ರೂಪಿಸಿದ ಆಟೋ ಯೂನಿಯನ್ ಕಾರುಗಳ ಎಂಜಿನ್ ಎಷ್ಟು ಬಲವಾಗಿತ್ತೆಂದರೆ ಗಂಟೆಗೆ 160 ಕಿ.ಮೀ. ವೇಗದಲ್ಲೂ ಹಿಂದಿನ ಒಳಚಕ್ರ ಗಿರಕಿ ಹೊಡೆಯುತ್ತಿತ್ತು. 1935ರಲ್ಲಿ ಪೋರ್ಶೆ ಜರ್ಮನಿಯ ಜಡ್‌ಎಫ್ ಕಂಪನಿಗೆ ಹೇಳಿ ಒಂದು ಚಕ್ರ ಮಿತಿಮೀರಿ ತಿರುಗದಂತೆ ತಡೆಯುವ ಡಿಫ್ರೆನ್ಷಿಯಲ್ ಮಾಡಿಸಿದರು. ಆ ವಿಚಾರವೇ ಸುತ್ತಿ ಬಳಸಿ ನಮ್ಮ ಗುಡ್ಡಕ್ಕೂ ಬಂದಿದೆ. 2020ರ ಥಾರ್‌ನ ಕೆಲವು ಮಾದರಿಗಳಲ್ಲಿ ಹಿಂದಿನ ಅಚ್ಚಿಗೆ ತಾನಾಗಿ ಬಿಗಿಯುವ ಲಾಕ್ ಇದೆ. 2023ರಲ್ಲಿ ಬಂದ ಜಿಮ್ನಿಯಲ್ಲಿ ಸುತ್ತುವ ಚಕ್ರಕ್ಕೆ ಬ್ರೇಕ್ ತಾನೇ ಬಿದ್ದು ಇನ್ನೊಂದು ಚಕ್ರಕ್ಕೆ ಬಲ ದಾಟುತ್ತದೆ. ಟ್ರ್ಯಾಕ್ಟರಿನವರಿಗೆ ಇದು ಹೊಸತಲ್ಲ, ಹಿಮ್ಮಡಿಯ ಹತ್ತಿರದ ಡಿಫ್ ಲಾಕ್ ಪೆಡಲನ್ನು ಅವರು ಗದ್ದೆಯಲ್ಲಿ ಎಂದಿನಿಂದಲೋ ತುಳಿಯುತ್ತಾ ಬಂದಿದ್ದಾರೆ.

ಇದ್ಯಾವುದೂ ಇಲ್ಲದ ಗಾಡಿಯವರು ಕಂಡುಕೊಂಡ ಉಪಾಯ ಹ್ಯಾಂಡ್ ಬ್ರೇಕು. ಅದನ್ನು ಎರಡು ಮೂರು ಹಲ್ಲು ಮಾತ್ರ ಎಳೆದು ಮೆಲ್ಲಗೆ ಎಕ್ಸಲೇಟರ್ ಕೊಟ್ಟರೆ ಕೆಸರಿನ ಚಕ್ರವನ್ನು ತಿರುಗಿಸಲೂ ಒಂದಿಷ್ಟು ಬಲ ಬೇಕಾಗುತ್ತದೆ, ಅಷ್ಟೇ ಬಲ ಗಟ್ಟಿ ನೆಲದ ಚಕ್ರಕ್ಕೂ ಹೋಗುತ್ತದೆ. ಓಮ್ನಿಯಲ್ಲಿ, ಪಿಕಪ್ಪಿನಲ್ಲಿ ಇದು ಎಷ್ಟೋ ಸಲ ಕೆಲಸ ಮಾಡಿದೆ. ಹಳೆಯ ವಿಲ್ಲಿಸ್ ಮಾದರಿಯ ಜೀಪಿನಲ್ಲಿ ಮಾತ್ರ ಮಾಡುವುದಿಲ್ಲ. ಅದರ ಹ್ಯಾಂಡ್ ಬ್ರೇಕ್ ಚಕ್ರದಲ್ಲಿಲ್ಲ, ಗೇರುಪೆಟ್ಟಿಗೆಯ ಹಿಂದೆ ಜಾಯಿಂಟ್ ರಾಡಿಗೆ ಇದೆ. ಎಳೆದರೆ ಎರಡೂ ಚಕ್ರಕ್ಕೆ ಹೋಗುವ ಬಲ ಒಟ್ಟಿಗೇ ಕಡಿಮೆಯಾಗುತ್ತದೆ. ಗಾಡಿಯ ಒಳಗು ತಿಳಿಯದೆ ಇನ್ನೊಬ್ಬರ ಉಪಾಯ ಎರವಲು ತಂದರೆ ಕ್ಲಚ್ಚು ಸುಡುತ್ತದೆ.

ಜೀಪಿನ ಮಾತು ಬಂದಿದ್ದರಿಂದ ಹಬ್ ಲಾಕನ್ನೂ ನೆನಪಿಸಬೇಕು. ಹಳೆಯ ಫೋರ್ ವೀಲ್ ಜೀಪುಗಳಲ್ಲಿ ಬರಿಯ ಲಿವರ್ ಎಳೆದರೆ ಸಾಲದು, ಇಳಿದು ಮುಂದಿನ ಎರಡೂ ಚಕ್ರದ ನಡುವಿನ ಹಬ್ಬನ್ನು ಕೈಯಲ್ಲಿ ತಿರುಗಿಸಿ ಲಾಕ್ ಮಾಡಬೇಕು. ಅದು ಏರಿನ ಬುಡದಲ್ಲೇ ಆಗಬೇಕಾದ ಕೆಲಸ. ಅರ್ಧ ಏರಿ ಸಿಕ್ಕಿಕೊಂಡ ಮೇಲೆ ಜಿಗಣೆ ಕಚ್ಚಿಸಿಕೊಳ್ಳುತ್ತಾ ರಾಡಿಯಲ್ಲಿ ಕುಕ್ಕರುಗಾಲು ಕೂತು ತಿರುಗಿಸುವ ಹೊತ್ತಿಗೆ ಗಾಡಿ ಹಿಂದಕ್ಕೆ ಜಾರದಂತೆ ಚಕ್ರಕ್ಕೆ ಕಲ್ಲು ಕೊಡುವವರು ಇನ್ನೊಬ್ಬರು ಬೇಕು.

ಇನ್ನು ಟಯರು. ಲಾರಿ ಅಂಗಡಿಗಳಲ್ಲಿ ಮುಂದಕ್ಕೆ ರಿಬ್, ಹಿಂದಕ್ಕೆ ಲಗ್ ಎಂಬ ಮಾತು ಬಹಳ ಹಿಂದಿನದು. ಮುಂದಿನ ಟಯರಿನ ಉದ್ದ ಗೆರೆಗಳು ದಾರಿ ತಪ್ಪದಂತೆ ಹಿಡಿಯುತ್ತವೆ, ಹಿಂದಿನ ಟಯರಿನ ಅಡ್ಡ ಲಗ್ಗುಗಳು ನೆಲ ಕಚ್ಚಿ ಎಳೆಯುತ್ತವೆ. ಲಗ್ಗಿನ ನಡುವಿನ ಸಂದು ಕೆಸರು ತುಂಬಿ ಮುಚ್ಚಿಹೋದರೆ ಟಯರು ನುಣ್ಣಗಾದಂತೆಯೇ. ಸಂದು ಅಗಲವಾಗಿದ್ದರೆ ಚಕ್ರ ತಿರುಗುವ ರಭಸಕ್ಕೆ ಕೆಸರು ಸಿಡಿದು ಹೋಗುತ್ತದೆ, ಕಿರಿದಾಗಿದ್ದರೆ ಮೆತ್ತಿಕೊಂಡೇ ಇರುತ್ತದೆ. ಪೇಟೆಯ ಕಾರಿನ ಟಯರು ಕೆಸರಿಗೆ ಕೆಲಸಕ್ಕೆ ಬಾರದಿರುವುದು ಈ ಕಾರಣಕ್ಕೇ. ಟ್ರ್ಯಾಕ್ಟರಿನ ಹಿಂದಿನ ಟಯರಿನ ಓರೆ ಲಗ್ಗುಗಳನ್ನು ಉಲ್ಟಾ ಕೂರಿಸಿದರೆ ಮಣ್ಣು ಹೊರಕ್ಕೆ ಹೋಗುವ ಬದಲು ನಡುವಿಗೇ ಒತ್ತಿಕೊಳ್ಳುತ್ತದೆ. ಅದಕ್ಕೇ ಟಯರಿನ ಬದಿಯ ಬಾಣದ ಗುರುತನ್ನು ನೋಡಿಯೇ ಹಾಕಬೇಕು.

ಅಗಲ ಟಯರು ಹಾಕಿಸಿದರೆ ಹಿಡಿತ ಹೆಚ್ಚುತ್ತದೆ ಎಂಬ ನಂಬಿಕೆ ಈಗಿನ ಹುಡುಗರಲ್ಲಿ ಗಟ್ಟಿಯಾಗಿದೆ. ನನಗೆ ಅದು ಒಪ್ಪಿಗೆಯಿಲ್ಲ, ಈ ಮಣ್ಣಿನಲ್ಲಂತೂ ಇಲ್ಲ. ನಮ್ಮ ರಸ್ತೆಗಳಲ್ಲಿ ಮೇಲೆ ಮೂರು ನಾಲ್ಕು ಬೆರಳು ಜಾರು ರಾಡಿ, ಅದರಡಿಗೆ ಗಟ್ಟಿ ಮುರಕಲ್ಲು ಅಥವಾ ಹಿಂದೆಂದೋ ಹಾಕಿದ ಜಲ್ಲಿ. ಹಳೆಯ ಜೀಪಿನ 6.00-16 ಅಳತೆಯ ಸಪೂರ ಟಯರು ಆ ರಾಡಿಯನ್ನು ಸೀಳಿ ಕೆಳಗಿನ ಗಟ್ಟಿಯನ್ನು ಮುಟ್ಟುತ್ತದೆ. ಅಗಲ ಟಯರು ರಾಡಿಯ ಮೇಲೆಯೇ ತೇಲಿ ಜಾರುತ್ತದೆ. ತಳ ಸಿಗದಷ್ಟು ಆಳದ ಕೆಸರಿನಲ್ಲೋ ಸಮುದ್ರದಂಡೆಯ ಮರಳಿನಲ್ಲೋ ಅಗಲವೇ ಮೇಲು, ಅದು ನಿಜ. ಸಂಸೆಯ ಏರು ಮರಳಲ್ಲ.

ಗಾಳಿಯ ಲೆಕ್ಕವೂ ಹೀಗೆಯೇ ಜಾಗ ನೋಡಿ. ಒಂದು ಹಿಂದಿನ ಚಕ್ರದ ಮೇಲೆ 350 ಕೆ.ಜಿ. ಭಾರವಿದ್ದು 30 ಪಾಯಿಂಟ್ ಗಾಳಿಯಿದ್ದರೆ ಟಯರು ನೆಲಕ್ಕೆ ತಾಗುವ ಜಾಗ ಅಂದಾಜು 165 ಚದರ ಸೆಂಟಿಮೀಟರ್. ಅದನ್ನು 20 ಪಾಯಿಂಟಿಗೆ ಇಳಿಸಿದರೆ 250ರ ಹತ್ತಿರ ಹೋಗುತ್ತದೆ, ಮೊದಲಿಗಿಂತ ಒಂದೂವರೆ ಪಟ್ಟು. ಟಯರು ಉದ್ದಕ್ಕೆ ಚಪ್ಪಟೆಯಾಗಿ ಹೆಚ್ಚು ಲಗ್ಗುಗಳು ಒಟ್ಟಿಗೆ ಕಚ್ಚುತ್ತವೆ, ಸಡಿಲ ಜಲ್ಲಿಯ ಏರಿನಲ್ಲಿ ಇದರ ಫಲ ಕಣ್ಣಿಗೆ ಕಾಣುತ್ತದೆ. ಆದರೆ ಚೂಪುಗಲ್ಲಿನ ದಾರಿಯಲ್ಲಿ ಗಾಳಿ ಕಡಿಮೆ ಮಾಡಿದರೆ ಟಯರಿನ ಬದಿ ಉಬ್ಬಿ ಕಲ್ಲಿಗೆ ತಾಗಿ ಹರಿಯುತ್ತದೆ. ಮತ್ತೆ ಡಾಂಬರಿಗೆ ಇಳಿದಾಗ ಗಾಳಿ ತುಂಬಿಸದೆ ಓಡಿಸಿದರೆ ಟಯರು ಕಾದು ಕೆಡುತ್ತದೆ. ಕಳಸದವರೆಗೆ ಪಂಪಿಲ್ಲದೆ ಹೋಗುವವರು ಗಾಳಿ ಬಿಡುವ ಮೊದಲು ಇದನ್ನು ಯೋಚಿಸಬೇಕು. ಕಾಲಿನ ಪಂಪೊಂದು ಸೀಟಿನಡಿ ಇದ್ದರೆ ಆ ಯೋಚನೆ ಬೇಕಾಗಿಲ್ಲ.

ಕಾನೂನಿನ ಪ್ರಕಾರ ಕಾರು ಜೀಪುಗಳ ಟಯರಿನ ಗೆರೆಯ ಆಳ 1.6 ಮಿಲಿಮೀಟರಿಗಿಂತ, ದ್ವಿಚಕ್ರಗಳದು 0.8 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಅದು ಡಾಂಬರು ರಸ್ತೆಗೆ ಸರಿ. ಮಣ್ಣಿನ ಏರಿಗೆ ಆ ಮಟ್ಟ ತಲುಪುವ ಬಹಳ ಮೊದಲೇ ಟಯರು ಸೋತಿರುತ್ತದೆ. ವಯಸ್ಸಿನ ಮಾತೂ ಇದೆ. ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್ ಓಡುವ ತೋಟದ ಜೀಪಿನ ಟಯರು ಸವೆಯುವ ಮೊದಲು ಮುದಿಯಾಗುತ್ತದೆ, ಗೆರೆ ಆಳವಾಗಿಯೇ ಇರುತ್ತದೆ, ರಬ್ಬರು ಮಾತ್ರ ಕಲ್ಲಿನಂತಾಗಿರುತ್ತದೆ. ಟಯರಿನ ಬದಿಯಲ್ಲಿ ಅಚ್ಚಾದ ನಾಲ್ಕಂಕಿಯ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಸೆಕೆಂಡ್ ಹ್ಯಾಂಡ್ ಟಯರು ಕೊಳ್ಳುವವರು ಮೊದಲು ಉಗುರಿನಿಂದ ರಬ್ಬರನ್ನು ಒತ್ತಿ, ಆಮೇಲೆ ಆ ಅಂಕಿಯನ್ನು ಓದಲಿ.

ಟಯರು, ಗೇರು, ಗಾಳಿ ಎಲ್ಲ ಸೋತ ಮೇಲೆ ಬರುವುದು ಚೈನು. ಆರಿದ್ರಾ ಮಳೆ ಹಿಡಿದ ಮೇಲೆ ಈ ಭಾಗದ ಜೀಪುಗಳ ಹಿಂದಿನ ಚಕ್ರಕ್ಕೆ ಕಬ್ಬಿಣದ ಸರಪಳಿ ಬೀಳುತ್ತದೆ. ಸುತ್ತುವುದಕ್ಕೂ ಒಂದು ಕ್ರಮವಿದೆ. ಚಕ್ರವನ್ನು ಜಾಕಿನಲ್ಲಿ ಎತ್ತಿ ಟಯರಿನ ಗಾಳಿ ಅರ್ಧಕ್ಕರ್ಧ ಬಿಡುತ್ತಾರೆ. ಸರಪಳಿಯ ಒಂದು ತುದಿಯನ್ನು ರಿಮ್ಮಿನ ತೂತಿಗೆ ಕಟ್ಟಿ, ಟಯರಿನ ಮೇಲಿಂದ ತಂದು ಮುಂದಿನ ತೂತಿನೊಳಗೆ ತೂರಿಸಿ, ಮತ್ತೆ ಮೇಲಿಂದ, ಹೀಗೆ ಸುತ್ತ ಒಂದು ಬಳಸು. ಒಳಬದಿಯಲ್ಲಿ ಬ್ರೇಕ್ ಪೈಪಿಗೆ ಸರಪಳಿ ತಾಗದಂತೆ ಕೈಹಾಕಿ ನೋಡುತ್ತಾರೆ. ಕೊನೆಯ ಕೊಂಡಿಯನ್ನು ತಂತಿಯಿಂದ ಬಿಗಿದ ಮೇಲೆ ಮತ್ತೆ ಗಾಳಿ ತುಂಬಿದಾಗ ಟಯರು ಉಬ್ಬಿ ಸರಪಳಿಯನ್ನು ತಾನೇ ಕಚ್ಚಿ ಹಿಡಿಯುತ್ತದೆ. ಹತ್ತು ಹೆಜ್ಜೆ ಓಡಿಸಿ ಇಳಿದು ಇನ್ನೊಮ್ಮೆ ಬಿಗಿ ನೋಡುವವನೇ ಪಳಗಿದವನು. ಸಡಿಲ ಸರಪಳಿ ಬಿಚ್ಚಿಕೊಂಡರೆ ಮಡ್‌ಗಾರ್ಡನ್ನೇ ಹರಿದು ಹಾಕೀತು. ಹಾಗೆ ಸುತ್ತಿದ ಕೊಂಡಿಗಳು ರಾಡಿಯನ್ನು ಕತ್ತರಿಸಿ ಅಡಿಯ ಮುರಕಲ್ಲನ್ನೇ ಕಚ್ಚುತ್ತವೆ. ಮುಳ್ಳೋಡಿಯ ಕಡೆಗೆ ಕುದುರೆಮುಖ ಚಾರಣಕ್ಕೆಂದು ಬಂದವರನ್ನು ಹೊತ್ತು ಏರುವ ಜೀಪಿನೊಳಗೆ ಕೂತವರಿಗೆ ಕೊಂಡಿ ಕಲ್ಲಿಗೆ ತಾಗುವ ಸದ್ದು ಕಾಲಡಿಯಿಂದಲೇ ಕೇಳುತ್ತದೆ. ಡಾಂಬರಿಗೂ ಕಾಂಕ್ರೀಟಿಗೂ ಸರಪಳಿ ಶತ್ರು, ರಸ್ತೆಯೂ ಹಾಳು, ಸರಪಳಿಯೂ ಸವೆತ. ಅದನ್ನು ಬಿಚ್ಚದೆ ಪಂಚಾಯಿತಿಯ ಕಾಂಕ್ರೀಟಿನ ಮೇಲೆ ಓಡಿಸುವವರ ಬಗ್ಗೆ ಊರಿನವರಿಗೆ ಕೋಪ ಬರುವುದು ನ್ಯಾಯವೇ.

ನೆಲ ಮಾತ್ರ ತಿಂಗಳಿಗೊಂದು ರೂಪ ತಾಳುತ್ತದೆ. ಮಳೆಗಾಲವೇ ಅತಿ ಕೆಟ್ಟದ್ದು ಎಂದು ಹೊರಗಿನವರು ತಿಳಿಯುತ್ತಾರೆ. ಆದರೆ ಬಿಡದೆ ಸುರಿಯುವ ಆಟಿಯ ಮಳೆ ರಸ್ತೆಯ ಮೇಲಿನ ನುಣುಪು ಮಣ್ಣನ್ನು ತೊಳೆದು ಜಲ್ಲಿ ತೇಲಿಸುತ್ತದೆ, ಹಿಡಿತ ಒಂದಿಷ್ಟು ಸುಧಾರಿಸುತ್ತದೆ. ನಿಜಕ್ಕೂ ನಂಬಲಾರದ್ದು ಮಾರ್ಚ್, ಏಪ್ರಿಲ್‌ನ ಹೂಮಳೆ. ಕಾಫಿ ಕೊಯ್ಲಿನ ಗಾಡಿಗಳು ಓಡಾಡಿ ಪುಡಿಯಾದ ಕೆಮ್ಮಣ್ಣಿನ ಮೇಲೆ ಅರ್ಧ ಇಂಚು ನೀರು ಬಿದ್ದರೆ ಅದು ಅರೆದಿಟ್ಟ ಹಿಟ್ಟಾಗುತ್ತದೆ. ರೊಬಸ್ಟಾ ಹೂವಿಗೆಂದು ಸ್ಪ್ರಿಂಕ್ಲರ್ ಹಾಕುವ ದಿನಗಳಲ್ಲಿ ಮಳೆಯೂ ಬೇಕಾಗಿಲ್ಲ, ಪೈಪಿನ ಜಾಯಿಂಟು ಸೋರಿದ ತಿರುವಿನಲ್ಲಿ ಮಾತ್ರ ಆ ಹಿಟ್ಟು ತಯಾರಾಗಿರುತ್ತದೆ, ಹಿಂದೆ ಮುಂದೆ ಎಲ್ಲ ಒಣ ಧೂಳು. ಶ್ರಾವಣ ಕಳೆದ ಮೇಲೆ ಇನ್ನೊಂದು ಅಪಾಯ: ಸಿಲ್ವರ್ ಓಕ್ ನೆರಳಿನ ಕಾಂಕ್ರೀಟಿನ ಮೇಲೆ ಪಾಚಿ. ಅಲ್ಲಿ ಲಗ್ ಟಯರಿನ ಆಟ ನಡೆಯದು, ಕಚ್ಚಲು ಮಣ್ಣೇ ಇಲ್ಲವಲ್ಲ. ಬೈಕು, ಸ್ಕೂಟರು ಬೀಳುವುದು ಇಂಥಲ್ಲೇ ಹೆಚ್ಚು. ಬ್ಲೀಚಿಂಗ್ ಪುಡಿ ಎರಚಿ ಗಟ್ಟಿ ಪೊರಕೆಯಿಂದ ಉಜ್ಜುವುದಷ್ಟೇ ದಾರಿ.

ಡ್ರೈವರನ ಕಾಲಿನ ಪಾತ್ರವನ್ನು ಕೊನೆಗೆ ಹೇಳುತ್ತಿರುವುದು ಅದು ಸಣ್ಣದೆಂದಲ್ಲ. ಟಯರು ನೆಲವನ್ನು ಅತಿ ಗಟ್ಟಿಯಾಗಿ ಹಿಡಿಯುವುದು ಸ್ವಲ್ಪ, ಬಹಳ ಸ್ವಲ್ಪ ಜಾರುವಾಗ. ಡಾಂಬರಿನಲ್ಲಿ ಚಕ್ರ ಗಾಡಿಗಿಂತ ನೂರಕ್ಕೆ ಹತ್ತು ಇಪ್ಪತ್ತರಷ್ಟು ಹೆಚ್ಚು ತಿರುಗಿದರೆ ಹಿಡಿತ ತುದಿ ಮುಟ್ಟುತ್ತದೆ. ಉಳುಮೆಯ ಟ್ರ್ಯಾಕ್ಟರಿಗೆ ಹತ್ತರಿಂದ ಹದಿನೈದರ ಜಾರು ಒಳ್ಳೆಯದೆಂದು ಕೃಷಿ ಎಂಜಿನಿಯರುಗಳು ಹೇಳುತ್ತಾರೆ. ಆ ಮಿತಿ ದಾಟಿದ ಮೇಲೆ ಹಿಡಿತ ಬೀಳುತ್ತಾ ಹೋಗುತ್ತದೆ. ಸುತ್ತುವ ಚಕ್ರ ರಾಡಿಯನ್ನು ಉಜ್ಜಿ ಇನ್ನಷ್ಟು ನುಣುಪು ಮಾಡಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಟಯರಿನ ಹಿಡಿತ ಮುಂದಕ್ಕೆ ಎಳೆಯಲೂ ಪಕ್ಕಕ್ಕೆ ಜಾರದಂತೆ ತಡೆಯಲೂ ಒಂದೇ ಗಂಟಿನಿಂದ ಖರ್ಚಾಗಬೇಕು. ಚಕ್ರ ಗಿರಕಿ ಹೊಡೆದಾಗ ಪಕ್ಕದ ಹಿಡಿತವೂ ಹೋಗುತ್ತದೆ, ಓರೆಯಾದ ರಸ್ತೆಯಲ್ಲಿ ಗಾಡಿಯ ಹಿಂಬದಿ ಮೆಲ್ಲಗೆ ಕೆಳಗಿನ ಅಂಚಿನ ಕಡೆಗೆ ಸರಿಯುತ್ತದೆ. ಹಿಂದೆ ನಿಂತು ನೂಕುತ್ತಿರುವವರಿಗೆ ಅದು ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಗಾಡಿ ನೂಕುವವರು ಎಂದೂ ಕೆಳಬದಿಯ ಅಂಚಿನಲ್ಲಿ ನಿಲ್ಲಬಾರದು, ಸುತ್ತುವ ಚಕ್ರದ ನೇರ ಹಿಂದೆಯೂ ನಿಲ್ಲಬಾರದು. ಟಯರಿನಡಿ ಕೊಟ್ಟ ಕಲ್ಲು ಚಿಮ್ಮಿ ಬರುವುದು ಅಲ್ಲಿಗೇ.

ಏರಿನ ಬುಡದಲ್ಲೇ ಗೇರು ಆರಿಸಿ, ನಡುವೆ ಬದಲಿಸದೆ, ಒಂದೇ ಹದದ ಕಾಲಿನಲ್ಲಿ ಹತ್ತಿಸುವುದು ಪಳಗಿದವರ ರೀತಿ. ಡೀಸೆಲ್ ಜೀಪನ್ನು ಲೋ ಗೇರಿಗೆ ಹಾಕಿದರೆ ಹಳೆಯ ವಿಲ್ಲಿಸ್ ವಂಶದ ಪೆಟ್ಟಿಗೆಯಲ್ಲಿ ಚಕ್ರದ ವೇಗ 2.46 ಪಟ್ಟು ಕುಗ್ಗುತ್ತದೆ, ಎಕ್ಸಲೇಟರ್ ಮುಟ್ಟದೆಯೂ ಅದು ತೆವಳುತ್ತದೆ. ಜಾರು ಹೆಚ್ಚಿದ್ದರೆ ಮೊದಲನೆಯದಕ್ಕಿಂತ ಎರಡನೆಯ ಗೇರು ವಾಸಿ, ಚಕ್ರಕ್ಕೆ ಬೀಳುವ ಬಲ ಕಡಿಮೆಯಾಗಿ ಗಿರಕಿ ತಪ್ಪುತ್ತದೆ. ಚಕ್ರ ಸುತ್ತತೊಡಗಿದ ಕ್ಷಣ ಕಾಲು ಎತ್ತಬೇಕು. ಒಂದೆರಡು ಗಜ ಹಿಂದಕ್ಕೆ ಇಳಿದು, ಸುತ್ತಿ ನುಣುಪಾದ ಜಾಗ ಬಿಟ್ಟು ಒಂದು ಗೇಣು ಪಕ್ಕದ ಗೆರೆ ಹಿಡಿಯಬೇಕು. ಅಡಿಕೆ ಸೋಗೆಯೋ ಗೋಣಿಚೀಲವೋ ಹಾಕುವುದಾದರೆ ಚಕ್ರ ಗುಂಡಿ ತೋಡುವ ಮೊದಲು ಹಾಕಬೇಕು, ಆಮೇಲೆ ಹಾಕಿದ್ದನ್ನು ಅದು ಹಿಂದಕ್ಕೆ ಎಸೆದುಬಿಡುತ್ತದೆ.

ಇದಕ್ಕೆ ಪೂರ್ತಿ ವಿರುದ್ಧವಾದ ಚಾಲನೆಯನ್ನು ಇದೇ ಜಿಲ್ಲೆಯ ಜನ ನೋಡಿದ್ದಾರೆ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತು ಚಿಕ್ಕಮಗಳೂರಿನ ತೋಟದ ರಸ್ತೆಗಳಲ್ಲಿ ನಡೆದಾಗ, ಆ ಪ್ರಶಸ್ತಿಯನ್ನು 2013, 2016, 2017ರಲ್ಲಿ ಗೆದ್ದು 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಗೌರವ್ ಗಿಲ್ ಅಂಥವರು ಜಲ್ಲಿ ಎರಚುತ್ತಾ ತಿರುವುಗಳಲ್ಲಿ ಗಾಡಿಯನ್ನು ಬೇಕೆಂದೇ ಜಾರಿಸುತ್ತಿದ್ದರು. ಸಡಿಲ ಜಲ್ಲಿಯಲ್ಲಿ ಆ ಜಾರಿಗೂ ಅರ್ಥವಿದೆ, ಮೇಲಿನ ಪುಡಿ ಸರಿಸಿ ಅಡಿಯ ಗಟ್ಟಿಯನ್ನು ಹಿಡಿಯಲು ಚಕ್ರ ಸ್ವಲ್ಪ ಹೆಚ್ಚೇ ಸುತ್ತಬೇಕು. ಆದರೆ ಅದು ನಾಲ್ಕೂ ಚಕ್ರ ಎಳೆಯುವ, ಮೈಗೆಲ್ಲ ಕಬ್ಬಿಣದ ಪಂಜರ ಕಟ್ಟಿದ, ಮುಚ್ಚಿದ ರಸ್ತೆಯ ಓಟ. ಅದನ್ನು ನೋಡಿ ಹಿಂದಿನ ಸೀಟಿನಲ್ಲಿ ಬಸುರಿಯನ್ನು ಕೂರಿಸಿಕೊಂಡ ಜೀಪನ್ನು ಹಾಗೆ ಓಡಿಸುವುದು ತಪ್ಪು.

ಇಷ್ಟೆಲ್ಲ ನೋಡಿದ ಮೇಲೆ ಹೊಸ ಫೋರ್ ವೀಲ್ ಗಾಡಿಗೆ ಹದಿನೈದು ಇಪ್ಪತ್ತು ಲಕ್ಷ ಸುರಿಯುವ ಮೊದಲು ರಸ್ತೆಗೆ ಸ್ವಲ್ಪ ಹಣ ಹಾಕಿ ಎಂದು ನಾನು ನೆರೆಕರೆಯವರಿಗೆ ಹೇಳುತ್ತಾ ಬಂದಿದ್ದೇನೆ. ಇಡೀ ರಸ್ತೆಗೆ ಕಾಂಕ್ರೀಟ್ ಬೇಕಾಗಿಲ್ಲ. ಅತಿ ಕಡಿದಾದ ತುಂಡಿಗೆ ಮಾತ್ರ, ಒಂದೊಂದು ಚಕ್ರ ಓಡುವಷ್ಟು ಅಗಲದ ಎರಡು ಪಟ್ಟಿ. ಹಸಿ ಇರುವಾಗಲೇ ಅದರ ಮೇಲೆ ಪೊರಕೆಯಿಂದ ಅಡ್ಡ ಗೆರೆ ಎಳೆಸಬೇಕು, ಮೇಸ್ತ್ರಿ ಚೆಂದ ಕಾಣಲೆಂದು ನುಣ್ಣಗೆ ಸವರಿದರೆ ಪಾಚಿಗೆ ಹಾಸಿಗೆ ಹಾಸಿದಂತೆ. ಏರು ಶುರುವಾಗುವ ಜಾಗಕ್ಕಿಂತ ಹತ್ತಿಪ್ಪತ್ತು ಅಡಿ ಮೊದಲೇ ಪಟ್ಟಿ ಶುರುವಾಗಲಿ, ಗಾಡಿ ಹದವಾದ ಓಟದಲ್ಲಿ ಏರಿನ ಬುಡ ಮುಟ್ಟಲು ಅಷ್ಟು ಜಾಗ ಬೇಕು.

ಅದಕ್ಕಿಂತಲೂ ಅಗ್ಗದ ಕೆಲಸ ಚರಂಡಿ. ರಸ್ತೆಯ ಮೇಲೆ ಹರಿಯುವ ನೀರು ಮೊದಲು ಜಲ್ಲಿಯ ನಡುವಿನ ಮಣ್ಣು ಕದಿಯುತ್ತದೆ, ಆಮೇಲೆ ಜಲ್ಲಿಯನ್ನು ಸಡಿಲಿಸುತ್ತದೆ, ಕೊನೆಗೆ ಚಕ್ರದ ದಾರಿಯಲ್ಲೇ ಕೊರಕಲು ತೆಗೆಯುತ್ತದೆ. ಆ ಕೊರಕಲಿಗೆ ಒಂದು ಚಕ್ರ ಇಳಿದರೆ ಇನ್ನೊಂದು ಹಗುರಾಗುತ್ತದೆ, ಅಲ್ಲಿಗೆ ಡಿಫ್ರೆನ್ಷಿಯಲ್ ತನ್ನ ಆಟ ಶುರುಮಾಡುತ್ತದೆ. ಮೇ ಕೊನೆಯೊಳಗೆ, ಮೃಗಶಿರ ಹಿಡಿಯುವ ಮೊದಲು, ನಾಲ್ಕಾಳು ಹಾರೆ ಗುದ್ದಲಿ ಹಿಡಿದು ಗುಡ್ಡದ ಬದಿಯ ಚರಂಡಿಯ ಎಲೆ, ಮಣ್ಣು ಎತ್ತಿ, ಪ್ರತಿ ತಿರುವಿನ ಮೇಲ್ಗಡೆ ನೀರು ಅಡ್ಡ ಹಾಯುವಂತೆ ಓರೆಯಾಗಿ ಕಲ್ಲುಸಾಲು ಕೊಟ್ಟರೆ ರಸ್ತೆ ಆ ಮಳೆಗಾಲಕ್ಕೆ ಉಳಿಯುತ್ತದೆ. ನೀರು ತಮ್ಮ ತೋಟದ ಕಡೆಗೆ ತಿರುಗುತ್ತದೆಂದು ನೆರೆಯವರು ಆಕ್ಷೇಪಿಸುವುದುಂಟು. ಅದಕ್ಕೆ ಜೂನ್‌ನ ಕೆಸರಿನಲ್ಲಿ ನಿಂತು ಜಗಳವಾಡುವ ಬದಲು ಮೇ ತಿಂಗಳಲ್ಲಿ ಜೊತೆಯಾಗಿ ರಸ್ತೆ ನಡೆದು, ನೀರು ಎಲ್ಲಿ ಹಳ್ಳ ಸೇರಬೇಕೆಂದು ಕೋಲು ನೆಟ್ಟು ಗುರುತು ಮಾಡಿಕೊಂಡ ಮನೆಗಳ ರಸ್ತೆಗಳಲ್ಲಿ ಆಟಿಯಲ್ಲೂ ಪಿಕಪ್ಪು ಓಡುತ್ತಿದೆ.